ಹಾರ್ನ್‌ಗೆ ತುರುಕಿದ ಟೆನಿಸ್ ಚೆಂಡು

ಆರೇಳು ವರ್ಷದ ಹಿಂದಿನ ಮಾತು. ರಾತ್ರಿ ಎರಡು ಗಂಟೆ. ಅಪ್ಪ ಹಾಸಿಗೆ ಮೇಲೆ ಎದ್ದು ಕೂತು ಎದೆ ಹಿಡಿದುಕೊಂಡಿದ್ದರು. ಬನಿಯನ್ನು ಬೆವರಲ್ಲಿ ತೊಯ್ದುಹೋಗಿತ್ತು. ಅಮ್ಮ "ಗ್ಯಾಸ್ ಇರ್ಬೇಕು ಕಣೋ, ಬಿಸಿನೀರು ಕೊಡ್ತೀನಿ ಇರು" ಅಂತ ಅಡುಗೆಮನೆಗೆ ಓಡಿದರು. ನಾನು 108ಕ್ಕೆ ಫೋನ್ ಮಾಡಿದೆ. ಆ ಕಡೆ ಒಂದು ಹೆಣ್ಣು ದನಿ. ಯಾರಿಗೆ ಏನಾಗಿದೆ, ವಯಸ್ಸೆಷ್ಟು, ಎಚ್ಚರ ಇದೆಯಾ, ಮಾತಾಡ್ತಾ ಇದಾರಾ, ಯಾವ ಏರಿಯಾ, ಹತ್ತಿರ ಗುರುತಿಗೆ ಏನಿದೆ... ನನ್ನ ತಾಳ್ಮೆ ಕೆಟ್ಟುಹೋಯಿತು. "ಪ್ರಶ್ನೆ ಆಮೇಲೆ ಕೇಳ್ರೀ, ಮೊದ್ಲು ಗಾಡಿ ಕಳಿಸ್ರೀ!" ಅಂತ ಕೂಗಿಬಿಟ್ಟೆ.

ಆಕೆ ದನಿ ಏರಿಸಲಿಲ್ಲ. "ಗಾಡಿಗೆ ಹೇಳಿ ಆಗಿದೆ ಸರ್. ಅವರನ್ನ ನಡೆಸ್ಬೇಡಿ, ಒರಗಿಸಿ ಕೂರ್ಸಿ. ಗೇಟಿನ ಬೀಗ ತೆಗೆದಿಡಿ, ಹೊರಗಿನ ಲೈಟ್ ಹಾಕಿ. ಒಬ್ರು ರಸ್ತೆಗೆ ಬಂದು ನಿಂತ್ಕೊಳ್ಳಿ."

ಗೇಟಿನ ಬೀಗದ ನೆನಪು ನಮ್ಮಲ್ಲಿ ಯಾರಿಗೂ ಇರಲಿಲ್ಲ. ಬೀಗದ ಕೈ ಹುಡುಕೋಕೇ ಮೂರು ನಿಮಿಷ ಬೇಕಾಯ್ತು. ಆಂಬುಲೆನ್ಸ್ ಬಂದಾಗ ಗೇಟು ತೆರೆದಿತ್ತು.

ಅಪ್ಪನಿಗೆ ಎರಡು ಸ್ಟೆಂಟ್ ಹಾಕಿದರು. ಈಗ ದಿನಾ ಬೆಳಿಗ್ಗೆ ಪಾರ್ಕಿಗೆ ಹೋಗಿ ರಾಜಕೀಯ ಮಾತಾಡಿ ಜಗಳ ಮಾಡ್ಕೊಂಡು ಬರುವಷ್ಟು ಗಟ್ಟಿಯಾಗಿದ್ದಾರೆ. ಅವತ್ತು ಡಾಕ್ಟರಿಗೆ ಕೈಮುಗಿದೆವು, ನರ್ಸುಗಳಿಗೆ ಸ್ವೀಟು ಹಂಚಿದೆವು, ಆಂಬುಲೆನ್ಸ್ ಡ್ರೈವರ್‌ಗೆ ಒತ್ತಾಯ ಮಾಡಿ ಕಾಫಿ ಕುಡಿಸಿದೆವು. ಫೋನಿನಲ್ಲಿದ್ದ ಆ ಹೆಣ್ಣುಮಗಳ ನೆನಪು ಬಂದಿದ್ದು ನಾಲ್ಕು ದಿನ ಆದಮೇಲೆ. ಅಷ್ಟೊತ್ತಿಗೆ ಹುಡುಕೋದಾದರೂ ಎಲ್ಲಿ? ಹೆಸರು ಗೊತ್ತಿಲ್ಲ. ನನ್ನ ಫೋನಿನಲ್ಲಿ ಉಳಿದಿದ್ದು ಮೂರು ಅಂಕಿ ಮಾತ್ರ.

ಕೂಗಾಡಿದ ನಾಚಿಕೆಯೋ ಏನೋ, ಈ ಕೆಲಸ ಶುರುವಾಗಿದ್ದು ಎಲ್ಲಿಂದ ಅಂತ ಓದುತ್ತಾ ಹೋದೆ. ಇಂಗ್ಲಿಷಿನಲ್ಲಿ ಇವರನ್ನು ಡಿಸ್ಪ್ಯಾಚರ್ ಅನ್ನುತ್ತಾರೆ. ಕನ್ನಡದಲ್ಲಿ ನಾವಿನ್ನೂ ಇವರಿಗೆ ಬಾಯಿಗೆ ಹತ್ತುವಂಥ ಒಂದು ಹೆಸರು ಕೊಟ್ಟಿಲ್ಲ. ಕತೆ ಶುರುವಾಗೋದು ಲಂಡನ್ನಿನ ಒಂದು ಬೆಂಕಿಯಿಂದ.

1935ರ ನವೆಂಬರ್ 10. ಡಾಕ್ಟರುಗಳ ಮನೆಗಳಿಗೆ ಹೆಸರಾದ ವಿಂಪೋಲ್ ಸ್ಟ್ರೀಟಿನಲ್ಲಿ ಒಬ್ಬ ಸರ್ಜನ್ನರ ಮನೆಗೆ ಬೆಂಕಿ ಬಿತ್ತು. ಅದೇ ಬೀದಿಯ ನಾರ್ಮನ್ ಮ್ಯಾಕ್‌ಡೊನಾಲ್ಡ್ ಅನ್ನುವವರು ಫೋನ್ ಎತ್ತಿ ಸೊನ್ನೆ ತಿರುಗಿಸಿದರು. ಆಗ ಸೊನ್ನೆ ಅಂದರೆ ಎಕ್ಸ್‌ಚೇಂಜು. ಅಲ್ಲಿ ಕೂತ ಆಪರೇಟರ್ ಎತ್ತಿದ ಮೇಲೆ ಅಗ್ನಿಶಾಮಕದವರಿಗೆ ಲೈನ್ ಕೊಡಬೇಕು. ಟ್ರಂಕ್ ಕಾಲ್ ಬುಕ್ ಮಾಡಿ ಗಂಟೆಗಟ್ಟಲೆ ಕಾಯುತ್ತಿದ್ದ ಕತೆಯನ್ನು ನಮ್ಮ ಅಜ್ಜ-ಅಜ್ಜಿ ಹೇಳಿದ್ದು ನೆನಪಿದ್ದರೆ ಇದು ಅರ್ಥವಾಗುತ್ತದೆ. ಮ್ಯಾಕ್‌ಡೊನಾಲ್ಡ್ ಕಾದರು, ಕಾದೇ ಕಾದರು. ಎಕ್ಸ್‌ಚೇಂಜಿನಲ್ಲಿ ಅವರದೂ ಸಾಲಿನಲ್ಲಿದ್ದ ಇನ್ನೊಂದು ಕಾಲ್, ಅಷ್ಟೆ. ಯಾರೋ ಗೆಳೆಯನನ್ನು ಊಟಕ್ಕೆ ಕರೆಯುವ ಫೋನೂ ಎದುರುಗಡೆ ಮನೆ ಹೊತ್ತಿ ಉರಿಯುತ್ತಿದೆ ಅನ್ನುವ ಫೋನೂ ಅಲ್ಲಿ ಒಂದೇ ಥರ ಕಾಣುತ್ತಿದ್ದವು.

ಆ ಮನೆಯಲ್ಲಿ ಐದು ಜನ ಹೆಂಗಸರು ಸತ್ತರು. ಕಾಲ್ ಬೇಗ ಸಿಕ್ಕಿದ್ದರೆ ಅವರು ಉಳಿಯುತ್ತಿದ್ದರು ಅಂತ ಹೇಳೋಕಾಗಲ್ಲ. ಆದರೆ ಮ್ಯಾಕ್‌ಡೊನಾಲ್ಡ್ ಸುಮ್ಮನಿರದೆ 'ದಿ ಟೈಮ್ಸ್' ಪತ್ರಿಕೆಗೆ ಸಿಟ್ಟಿನಿಂದ ಒಂದು ಪತ್ರ ಬರೆದರು. ಗದ್ದಲವಾಯಿತು, ಸಮಿತಿ ಕೂತಿತು. 1937ರ ಜೂನ್ 30ರಂದು ಲಂಡನ್ನಿನಲ್ಲಿ 999 ಶುರುವಾಯಿತು.

999ನ್ನೇ ಯಾಕೆ ಆರಿಸಿದರು ಅನ್ನೋದು ಸ್ವಾರಸ್ಯವಾಗಿದೆ. 111 ಇಡೋಣ ಅಂದರೆ, ತಂತಿಗಳು ಒಂದಕ್ಕೊಂದು ತಾಗಿದರೂ ಸಾಕು, ತಾನೇ ಡಯಲ್ ಆಗಿಬಿಡುವ ಸಾಧ್ಯತೆ ಇತ್ತು. 9 ಮಾತ್ರ ಡಯಲ್ಲಿನಲ್ಲಿ ಸೊನ್ನೆಯ ಪಕ್ಕದ ತೂತು. ಹೊಗೆ ತುಂಬಿದ ಕೋಣೆಯಲ್ಲೂ ಬೆರಳಿಂದ ತಡಕಿ ಹುಡುಕಬಹುದು. ರಸ್ತೆ ಬದಿಯ ಕಾಯಿನ್ ಫೋನಿನಲ್ಲಿ ಸಣ್ಣ ಬದಲಾವಣೆ ಮಾಡಿದರೆ ಕಾಸು ಹಾಕದೆಯೇ ಕಾಲ್ ಹೋಗುತ್ತಿತ್ತು.

ನಂಬರು ಸುಲಭದ ಕೆಲಸ. ಕಷ್ಟದ ಪ್ರಶ್ನೆ ಬೇರೆಯೇ ಇತ್ತು: ಸಾಲಿನಲ್ಲಿ ನಿಂತ ನೂರು ಕಾಲುಗಳಲ್ಲಿ ಈ ಒಂದನ್ನು ಮುಂದಕ್ಕೆ ತರೋದು ಹೇಗೆ? ಅದಕ್ಕೆ ಎಕ್ಸ್‌ಚೇಂಜಿನಲ್ಲಿ ಒಂದು ವ್ಯವಸ್ಥೆ ಮಾಡಿದರು. ಯಾರಾದರೂ 999 ತಿರುಗಿಸಿದ ಕೂಡಲೇ ಕೆಂಪು ದೀಪ ಮಿನುಗುತ್ತಿತ್ತು, ದೊಡ್ಡ ಹಾರ್ನ್ ಕೂಗುತ್ತಿತ್ತು. ಆಪರೇಟರ್ ಮಾಡುತ್ತಿದ್ದುದನ್ನೆಲ್ಲ ಬಿಟ್ಟು ಅದನ್ನೇ ಎತ್ತಬೇಕು. ಹಾರ್ನ್ ಎಷ್ಟು ಕರ್ಕಶವಾಗಿತ್ತೆಂದರೆ ಅಲ್ಲಿದ್ದ ಹುಡುಗಿಯರು ಬೆಚ್ಚಿಬೀಳುತ್ತಿದ್ದರಂತೆ. ಕೊನೆಗೆ ಅದರ ಬಾಯಿಗೆ ಒಂದು ಟೆನಿಸ್ ಚೆಂಡು ತುರುಕಿ ಸದ್ದು ಕಡಿಮೆ ಮಾಡಿದರು ಅಂತ ಬ್ರಿಟನ್ನಿನ ಟೆಲಿಫೋನ್ ಇತಿಹಾಸದಲ್ಲಿ ಹೇಳುತ್ತಾರೆ.

ಓದಿದಾಗ ನಗು ಬಂತು. ಆಮೇಲೆ ಆ ಚೆಂಡು ಮನಸ್ಸಿನಲ್ಲೇ ಕೂತುಬಿಟ್ಟಿತು. ಊರಿನ ಭಯವೆಲ್ಲ ಬಂದು ಬೀಳೋಕೆ ಒಂದು ಜಾಗ ಮಾಡಿದ್ದಾಯ್ತು. ಆದರೆ ಆ ಜಾಗದಲ್ಲಿ ಎಂಟು ಗಂಟೆ ಕೂರುವ ಜೀವಕ್ಕೆ ಏನಾಗುತ್ತೆ ಅಂತ ಮೊದಲೇ ಯಾರೂ ಯೋಚಿಸಿದ ಹಾಗಿಲ್ಲ.

999 ಕೆಲಸ ಮಾಡುತ್ತೆ ಅಂತ ಒಂದೇ ವಾರದಲ್ಲಿ ಗೊತ್ತಾಯಿತು. ಜುಲೈ ತಿಂಗಳ ಒಂದು ಬೆಳಗಿನ ಜಾವ ಹ್ಯಾಂಪ್‌ಸ್ಟೆಡ್ ಬಡಾವಣೆಯ ಒಬ್ಬ ಆರ್ಕಿಟೆಕ್ಟ್ ಮನೆಗೆ ಕಳ್ಳ ಬಂದ. ಅವರ ಹೆಂಡತಿ 999 ತಿರುಗಿಸಿದರು. ಐದು ನಿಮಿಷದೊಳಗೆ ಕಳ್ಳ ಸಿಕ್ಕಿಬಿದ್ದ. ಮೂರು ವರ್ಷದ ನಂತರ, 1940ರ ಸೆಪ್ಟೆಂಬರಿನಿಂದ ಲಂಡನ್ ಮೇಲೆ ರಾತ್ರಿಯಿಡೀ ಬಾಂಬು ಬೀಳತೊಡಗಿದಾಗ, ಅಗ್ನಿಶಾಮಕ ದಳದ ಕಂಟ್ರೋಲ್ ರೂಮುಗಳಲ್ಲಿ ಫೋನ್ ಹಿಡಿದು ಕೂತವರಲ್ಲಿ ಬಹಳ ಮಂದಿ ಹೆಂಗಸರು. ಎಲ್ಲಿ ಬೆಂಕಿ, ಯಾವ ಗಾಡಿ ಎಲ್ಲಿದೆ ಅನ್ನುವುದೆಲ್ಲ ಅವರ ಮೂಲಕವೇ ಹಾದುಹೋಗಬೇಕಿತ್ತು.

ಅಮೆರಿಕದಲ್ಲಿ ಮೊದಲ 911 ಕಾಲ್ ಆಗಿದ್ದು 1968ರ ಫೆಬ್ರವರಿ 16ಕ್ಕೆ, ಅಲಬಾಮಾ ರಾಜ್ಯದ ಹೇಲಿವಿಲ್ ಎಂಬ ಸಣ್ಣ ಊರಿನಲ್ಲಿ. ಆದರೆ ಅಮೆರಿಕದಿಂದ ಬಂದ ದೊಡ್ಡ ಬದಲಾವಣೆ ನಂಬರಿನದ್ದಲ್ಲ, ಮಾತಿನದ್ದು. 1974ರಲ್ಲಿ ಫೀನಿಕ್ಸ್ ನಗರದ ಅಗ್ನಿಶಾಮಕ ದಳಕ್ಕೆ ಒಬ್ಬ ತಾಯಿ ಫೋನ್ ಮಾಡಿದಳು. ಮಗುವಿನ ಉಸಿರು ನಿಂತಿತ್ತು. ಫೋನಿನಲ್ಲಿದ್ದ ಪ್ಯಾರಾಮೆಡಿಕ್ ಬಿಲ್ ಟೂನ್, ಗಾಡಿ ಕಳಿಸಿ ಸುಮ್ಮನಾಗದೆ, ಬಾಯಿಗೆ ಬಾಯಿಟ್ಟು ಉಸಿರು ಕೊಡೋದು ಹೇಗೆ ಅಂತ ಆಕೆಗೆ ಅಲ್ಲೇ ಹೇಳಿಕೊಟ್ಟರು. ಮಗು ಬದುಕಿತು. ಸಾಲ್ಟ್ ಲೇಕ್ ಸಿಟಿಯ ಜೆಫ್ ಕ್ಲಾಸನ್ ಎಂಬ ವೈದ್ಯರು ಆ ದಶಕದ ಕೊನೆಯ ಹೊತ್ತಿಗೆ ಯಾವ ಪ್ರಶ್ನೆ ಮೊದಲು, ಯಾವುದು ಆಮೇಲೆ, ಯಾವ ಉತ್ತರಕ್ಕೆ ಯಾವ ಸಲಹೆ ಅಂತ ಕಾರ್ಡುಗಳಲ್ಲಿ ಕ್ರಮವಾಗಿ ಬರೆದಿಟ್ಟರು. ಇಂದು ಜಗತ್ತಿನ ಎಷ್ಟೋ ಕಂಟ್ರೋಲ್ ರೂಮುಗಳು ನಡೆಯೋದು ಇಂಥ ಪ್ರಶ್ನೆಗಳ ಮೇಲೆಯೇ.

ಎಚ್ಚರ ಇದೆಯಾ, ಮಾತಾಡ್ತಾ ಇದಾರಾ? ನಾನು ಸಿಡುಕಿದ್ದು ಇದೇ ಪ್ರಶ್ನೆಗಳಿಗೆ. ಅವು ಟೈಮ್ ಪಾಸ್ ಅಲ್ಲ. ಒಬ್ಬರು ಕೇಳುತ್ತಿರುವಾಗಲೇ ಇನ್ನೊಬ್ಬರು ಗಾಡಿ ಹೊರಡಿಸುತ್ತಿರುತ್ತಾರೆ. ಚಿಕಿತ್ಸೆ ಶುರುವಾಗೋದು ಆ ಪ್ರಶ್ನೆಯಿಂದಲೇ.

ನಮ್ಮಲ್ಲಿ ಪೊಲೀಸರಿಗೆ 100, ಬೆಂಕಿಗೆ 101, ಆಂಬುಲೆನ್ಸಿಗೆ 102 ಅಂತ ಬೇರೆ ಬೇರೆ ಇದ್ದವು. 2005ರ ಆಗಸ್ಟ್ 15ರಂದು ಹೈದರಾಬಾದಿನಲ್ಲಿ 108 ಶುರುವಾಯಿತು. ಕರ್ನಾಟಕಕ್ಕೆ ಅದು 'ಆರೋಗ್ಯ ಕವಚ'ವಾಗಿ ಬಂದಿದ್ದು 2008ರ ನವೆಂಬರ್ 1ಕ್ಕೆ, ರಾಜ್ಯೋತ್ಸವದ ದಿನ. ಜಪಮಾಲೆಯ ಮಣಿ ಎಣಿಸಿದ ಅಜ್ಜಿಯಂದಿರಿಗೂ ಈ ಸಂಖ್ಯೆ ಮರೆಯೋದಿಲ್ಲ. ಎಲ್ಲಕ್ಕೂ ಒಂದೇ ನಂಬರ್ ಆಗಿ 112, ನಿರ್ಭಯಾ ನಿಧಿಯ ನೆರವಿನಿಂದ, 2018ರಲ್ಲಿ ಹಿಮಾಚಲ ಪ್ರದೇಶದಿಂದ ಆರಂಭಿಸಿ ಒಂದೊಂದೇ ರಾಜ್ಯಕ್ಕೆ ಬಂತು.

ಇಷ್ಟೇ ಆಗಿದ್ದರೆ ಇದೊಂದು ಖುಷಿಯ ಕತೆ. ಆದರೆ ಮತ್ತೆ ಲಂಡನ್ನಿಗೇ ಹೋಗಬೇಕು, ಇನ್ನೊಂದು ಬೆಂಕಿಗೆ.

2017ರ ಜೂನ್ 14, ನಡುರಾತ್ರಿ ಕಳೆದು 54 ನಿಮಿಷ. 24 ಅಂತಸ್ತಿನ ಗ್ರೆನ್‌ಫೆಲ್ ಟವರಿನ ನಾಲ್ಕನೇ ಮಹಡಿಯಿಂದ 999ಕ್ಕೆ ಫೋನ್ ಬಂತು. ಅಂಥ ಕಟ್ಟಡಗಳಿಗೆ ಇದ್ದ ನಿಯಮ: ಬೆಂಕಿ ನಿಮ್ಮ ಫ್ಲಾಟಿನದ್ದಲ್ಲದಿದ್ದರೆ ಒಳಗೇ ಇರಿ, ಅಗ್ನಿಶಾಮಕದವರು ಬರುತ್ತಾರೆ. ಕಂಟ್ರೋಲ್ ರೂಮಿನವರು ಅದನ್ನೇ ಹೇಳಿದರು. ಆದರೆ ಹೊರಗೋಡೆಗೆ ಅಂಟಿಸಿದ್ದ ಹೊದಿಕೆಗೆ ಬೆಂಕಿ ಹತ್ತಿ ಇಡೀ ಕಟ್ಟಡವನ್ನೇ ಏರುತ್ತಿತ್ತು. ಫೋನ್ ಹಿಡಿದವರಿಗೆ ಕಟ್ಟಡ ಕಾಣುತ್ತಿರಲಿಲ್ಲ. ಸ್ಥಳದಲ್ಲಿದ್ದವರು ಕಂಡದ್ದು ಇವರಿಗೆ ಸರಿಯಾಗಿ ತಲುಪುತ್ತಿರಲಿಲ್ಲ. ಇವರು ಕೇಳಿದ್ದು ಅವರಿಗೆ ತಲುಪುತ್ತಿರಲಿಲ್ಲ. ಒಳಗೇ ಇರಿ ಅನ್ನೋ ಮಾತು ಬದಲಾಗುವ ಹೊತ್ತಿಗೆ ಎರಡೂವರೆ ಗಂಟೆ ದಾಟಿತ್ತು. 72 ಜನ ಸತ್ತರು.

ವಿಚಾರಣಾ ವರದಿ ಕಂಟ್ರೋಲ್ ರೂಮಿನ ಲೋಪಗಳನ್ನೂ ಬಿಡದೆ ಪಟ್ಟಿ ಮಾಡಿತು. ಜೊತೆಗೆ ಇನ್ನೊಂದನ್ನೂ ಹೇಳಿತು. 2009ರಲ್ಲಿ ಲಂಡನ್ನಿನದೇ ಲಕನಾಲ್ ಹೌಸ್ ಎಂಬ ಕಟ್ಟಡಕ್ಕೆ ಬೆಂಕಿ ಬಿದ್ದು ಆರು ಜನ ಸತ್ತಾಗಲೇ ಇಂಥದೇ ಪಾಠ ಸಿಕ್ಕಿತ್ತು. ಅಗ್ನಿಶಾಮಕ ಸಂಸ್ಥೆ ಅದನ್ನು ಸರಿಯಾಗಿ ಕಲಿತಿರಲಿಲ್ಲ. ತಪ್ಪು ಮೇಲಿನದು. ಆದರೆ ಹೊಗೆಯಲ್ಲಿ ಸಿಕ್ಕಿಕೊಂಡವರ ಮಾತನ್ನು, ಆಮೇಲೆ ಮಾತು ನಿಂತದ್ದನ್ನು, ಕಿವಿಯಲ್ಲಿ ಹೊತ್ತುಕೊಂಡು ಮನೆಗೆ ಹೋದವರು ಫೋನ್ ಹಿಡಿದು ಕೂತವರು.

1935ರಲ್ಲಿ ಫೋನ್ ಎತ್ತೋಕೆ ಯಾರೂ ಇರಲಿಲ್ಲ. 2017ರಲ್ಲಿ ಎತ್ತಿದರು, ಕೊನೇ ತನಕ ಜೊತೆಗಿದ್ದರು. ಆದರೆ ಅವರಿಗೆ ತಿಳಿಸಬೇಕಾದವರು ತಿಳಿಸಲಿಲ್ಲ. ದನಿ ಎಷ್ಟೇ ಒಳ್ಳೆಯದಾಗಿರಲಿ, ಅದರ ಹಿಂದಿರುವ ವ್ಯವಸ್ಥೆ ಎಷ್ಟು ಗಟ್ಟಿಯೋ ಅಷ್ಟೇ ಅದರ ಬಲ.

ಇದು ನನಗೆ ಓದಿ ಮಾತ್ರ ಗೊತ್ತಾಗಿದ್ದಲ್ಲ. 2021ರ ಏಪ್ರಿಲ್-ಮೇ ತಿಂಗಳು ನಮ್ಮ ಬೆಂಗಳೂರನ್ನು ನೆನಪಿಸಿಕೊಳ್ಳಿ. ಬೆಡ್ಡು, ಆಕ್ಸಿಜನ್ನು, ಸ್ಮಶಾನದ ಮುಂದೆ ಆಂಬುಲೆನ್ಸುಗಳ ಸಾಲು. ನಾವು ಆಫೀಸಿನ ಹತ್ತು ಹನ್ನೆರಡು ಜನ ಸೇರಿಕೊಂಡು, ಎಲ್ಲಿ ಬೆಡ್ ಇದೆ ಅಂತ ವಿಚಾರಿಸಿ ಹೇಳುವ ಒಂದು ಸಣ್ಣ ತಂಡ ಮಾಡಿದೆವು. ಒಂದು ಗೂಗಲ್ ಶೀಟು, ಸರದಿಯ ಮೇಲೆ ಒಬ್ಬೊಬ್ಬರ ಫೋನು. ನನ್ನ ಪಾಳಿ ರಾತ್ರಿ ಹತ್ತರಿಂದ ಎರಡು.

ಎರಡನೇ ರಾತ್ರಿ ಒಬ್ಬ ಹುಡುಗ ಫೋನ್ ಮಾಡಿದ. ಅವನ ಅಮ್ಮನಿಗೆ ಆಕ್ಸಿಜನ್ ಮಟ್ಟ 80ಕ್ಕಿಂತ ಕೆಳಗೆ ಹೋಗಿತ್ತು. ನಾನು ವಯಸ್ಸು ಕೇಳಿದೆ, ಏರಿಯಾ ಕೇಳಿದೆ, ಎಚ್ಚರ ಇದೆಯಾ ಅಂತ ಕೇಳಿದೆ. "ಎಷ್ಟು ಪ್ರಶ್ನೆ ಕೇಳ್ತೀರಣ್ಣ, ಬೆಡ್ ಇದೆಯೋ ಇಲ್ವೋ ಹೇಳಿ!" ಅಂತ ಕೂಗಿದ. ಅದು ನನ್ನದೇ ದನಿ ಅನ್ನಿಸಿತು. ಒಂಬತ್ತು ಆಸ್ಪತ್ರೆಗೆ ಫೋನ್ ಮಾಡಿದೆ. ಒಂದು ಕಡೆ "ಕರ್ಕೊಂಡು ಬನ್ನಿ, ನೋಡೋಣ" ಅಂದರು. ಕೂಡಲೇ ಹುಡುಗನಿಗೆ ಫೋನ್ ಮಾಡಿದರೆ ರಿಂಗ್ ಆಗುತ್ತಲೇ ಇತ್ತು, ಎತ್ತಲಿಲ್ಲ. ಬೆಳಿಗ್ಗೆ ಹೊತ್ತಿಗೆ ಸ್ವಿಚ್ ಆಫ್.

ಆ ಅಮ್ಮ ಏನಾದರೋ ನನಗೆ ಇವತ್ತಿಗೂ ಗೊತ್ತಿಲ್ಲ. ಶೀಟಿನಲ್ಲಿ ಆ ಸಾಲಿನ ಕೊನೆಯ ಕಾಲಮ್ಮು ಖಾಲಿಯೇ ಉಳಿಯಿತು.

ನಾನು ಆ ಕೆಲಸ ಮಾಡಿದ್ದು ಬರೀ ಮೂರು ವಾರ. ಇದನ್ನೇ ನೌಕರಿಯಾಗಿ ಮಾಡುವವರಿಗೆ ಇಂಥ ಖಾಲಿ ಕಾಲಮ್ಮುಗಳು ಎಷ್ಟಿರಬಹುದು? ಆ ವರ್ಷ ಅವರ ಮನೆಗಳಲ್ಲೂ ಜ್ವರ ಇತ್ತು, ಅವರಿಗೂ ಅಪ್ಪ-ಅಮ್ಮ ಇದ್ದರು. ಆದರೂ ಪಾಳಿಗೆ ಬಂದು ಹೆಡ್‌ಫೋನ್ ಹಾಕಿಕೊಂಡು ಕೂತರು. ಡಾಕ್ಟರಿಗೆ ರೋಗಿ ಮನೆಗೆ ಹೋಗೋದು ಕಾಣುತ್ತೆ. ಬೆಂಕಿ ಆರಿಸುವವರಿಗೆ ಬೆಂಕಿ ಆರಿದ್ದು ಕಾಣುತ್ತೆ. ಇವರು ಕತೆಯ ಮೊದಲ ಸಾಲು ಮಾತ್ರ ಕೇಳುವವರು. ಕೊನೆ ಕೇಳೋಕೆ ಪುರುಸೊತ್ತಿಲ್ಲ, ಅಷ್ಟರಲ್ಲಿ ಇನ್ನೊಂದು ಫೋನ್ ಬಂದಿರುತ್ತೆ.

ಹೋದ ತಿಂಗಳು ರಿಂಗ್ ರೋಡಿನಲ್ಲಿ ನನ್ನ ಕಣ್ಣೆದುರೇ ಒಂದು ಬೈಕು ಜಾರಿ ಬಿತ್ತು. 112ಕ್ಕೆ ಫೋನ್ ಮಾಡಿದೆ. ಈ ಸಲ ಕೇಳಿದ್ದಕ್ಕೆಲ್ಲ ಒಂದೊಂದಾಗಿ ಉತ್ತರ ಕೊಟ್ಟೆ: ಯಾವ ಫ್ಲೈಓವರ್, ಯಾವ ಕಡೆಗೆ ಹೋಗುವ ರಸ್ತೆ, ಎಷ್ಟು ಜನಕ್ಕೆ ಪೆಟ್ಟಾಗಿದೆ, ರಕ್ತ ಹೋಗ್ತಿದೆಯಾ, ಎಚ್ಚರ ಇದೆಯಾ. ಕೊನೆಗೆ "ಥ್ಯಾಂಕ್ಸ್ ಮೇಡಂ" ಅಂದೆ.

ಆ ಕಡೆ ಒಂದು ಕ್ಷಣ ಮಾತಿಲ್ಲ. ಆಮೇಲೆ, "ಇರ್ಲಿ ಸರ್. ಗಾಡಿ ಬರೋವರೆಗೂ ನೀವು ಅಲ್ಲೇ ಇರ್ತೀರಲ್ಲ?"

"ಇರ್ತೀನಿ" ಅಂದೆ.