ಗಿರ್ಮಿಟ್

ಗಿರ್ಮಿಟ್ ಉತ್ತರ ಕರ್ನಾಟಕದ, ವಿಶೇಷವಾಗಿ ಹುಬ್ಬಳ್ಳಿ-ಧಾರವಾಡ ಅವಳಿ ನಗರದ ಜನಪ್ರಿಯ ತಿನಿಸು. ಇದರ ಮುಖ್ಯ ಪದಾರ್ಥ ಚುರುಮುರಿ. ಇದನ್ನು ಮಂಡಕ್ಕಿ ಎಂದೂ ಕರೆಯುತ್ತಾರೆ.

ತಯಾರಿಕೆ
ಎಣ್ಣೆಯಲ್ಲಿ ಸಾಸಿವೆ, ಜೀರಿಗೆ, ಕರಿಬೇವು, ಹಸಿಮೆಣಸಿನಕಾಯಿ ಹಾಗೂ ಅರಿಸಿನದ ಒಗ್ಗರಣೆ ಮಾಡಿ, ಹೆಚ್ಚಿದ ಉಳ್ಳಾಗಡ್ಡಿಯನ್ನು (ಈರುಳ್ಳಿ) ಬಾಡಿಸಿ, ಹುಣಸೆರಸ ಮತ್ತು ಬೆಲ್ಲ ಸೇರಿಸಿ ಕುದಿಸಿದರೆ ಗೊಜ್ಜು ಸಿದ್ಧವಾಗುತ್ತದೆ. ಚುರುಮುರಿಗೆ ಈ ಗೊಜ್ಜನ್ನೂ ಪುಟಾಣಿ (ಹುರಿಗಡಲೆ) ಹಿಟ್ಟನ್ನೂ ಕಲಸಿ, ಮೇಲೆ ಹಸಿ ಉಳ್ಳಾಗಡ್ಡಿ, ಟೊಮೆಟೊ, ಕೊತ್ತಂಬರಿ ಸೊಪ್ಪು ಮತ್ತು ಸೇವು ಉದುರಿಸಲಾಗುತ್ತದೆ. ಕಲಸಿದ ಸ್ವಲ್ಪ ಹೊತ್ತಿನಲ್ಲೇ ಚುರುಮುರಿ ಮೆತ್ತಗಾಗುತ್ತದೆ. ಆದ್ದರಿಂದ ಗೊಜ್ಜನ್ನು ಮೊದಲೇ ಮಾಡಿಟ್ಟಿದ್ದರೂ ಗಿರಾಕಿಗಳು ಕೇಳಿದಾಗಲೇ ಕಲಸಿಕೊಡುವುದು ವಾಡಿಕೆ.

ಇತರ ತಿನಿಸುಗಳೊಂದಿಗೆ ವ್ಯತ್ಯಾಸ
ಗಿರ್ಮಿಟ್ ಅನ್ನು ಸೂಸಲ ಅಥವಾ ಭೇಲ್‌ಪುರಿ ಎಂದು ತಪ್ಪಾಗಿ ಗುರುತಿಸುವುದುಂಟು. ಸೂಸಲದಲ್ಲಿ ಚುರುಮುರಿಯನ್ನು ನೀರಿನಲ್ಲಿ ನೆನೆಸಿ, ಹಿಂಡಿ ಒಗ್ಗರಣೆಗೆ ಹಾಕುತ್ತಾರೆ, ಗಿರ್ಮಿಟ್‌ಗೆ ನೆನೆಸುವುದಿಲ್ಲ. ಭೇಲ್‌ಪುರಿಗೆ ಚಟ್ನಿಗಳು ರುಚಿ ಕೊಟ್ಟರೆ, ಗಿರ್ಮಿಟ್‌ಗೆ ಒಗ್ಗರಣೆಯ ಗೊಜ್ಜೇ ಜೀವಾಳ.

ಸೇವನೆ
ಗಿರ್ಮಿಟ್‌ನ ಜೊತೆಗೆ ಮಿರ್ಚಿ ಭಜಿ, ಅನಂತರ ಚಹಾ ಸೇವಿಸುವುದು ರೂಢಿ. ಹುಬ್ಬಳ್ಳಿಯ ದುರ್ಗದಬೈಲ್ ಸಂಜೆಯ ತಿನಿಸುಗಳಿಗೆ ಹೆಸರಾದ ಸ್ಥಳ. ಕಲಸಿದ ಕೂಡಲೇ ತಿನ್ನಬೇಕಾದ ಗಿರ್ಮಿಟ್ ಕಟ್ಟಿಸಿಕೊಂಡು ಹೋಗುವುದಕ್ಕಿಂತ, ಗೆಳೆಯರು ಅಂಗಡಿಯ ಮುಂದೆಯೇ ನಿಂತು, ಹರಟುತ್ತಾ ಸವಿಯುವುದಕ್ಕೆ ಹೆಚ್ಚು ಒಪ್ಪುವ ತಿನಿಸಾಗಿದೆ.