ಗ್ರಿಡ್ ಜನಸಾಂದ್ರತಾ ನಕ್ಷೆ ಮತ್ತು ದಕ್ಷಿಣ ಬೆಂಗಳೂರು

ಭೂಮಿಯನ್ನು ಚಿಕ್ಕ ಚಿಕ್ಕ ಚೌಕಗಳಾಗಿ ವಿಭಾಗಿಸಿ, ಒಂದೊಂದು ಚೌಕದಲ್ಲಿರುವ ಜನರ ಸಂಖ್ಯೆಯನ್ನು ಅಂದಾಜಿಸಿ ತೋರಿಸುವ ನಕ್ಷೆಗೆ ಗ್ರಿಡ್ ಜನಸಾಂದ್ರತಾ ನಕ್ಷೆ ಎನ್ನುತ್ತಾರೆ. ಜನಗಣತಿಯ ಲೆಕ್ಕವೇ ಇದಕ್ಕೆ ತಳಹದಿ.

ಹಿನ್ನೆಲೆ: ಜನರಿಲ್ಲದ ಜಾಗವನ್ನು ಬಿಟ್ಟು ಸಾಂದ್ರತೆ ಗುರುತಿಸುವ ಕ್ರಮವನ್ನು ಅಮೆರಿಕದ ಭೂಗೋಳಜ್ಞ ಜಾನ್ ಕೆ. ರೈಟ್ 1936ರಲ್ಲಿ ಕೇಪ್ ಕಾಡ್ ನಕ್ಷೆಯ ಮೂಲಕ ವಿವರಿಸಿದರು. ವಾಲ್ಡೊ ಟೋಬ್ಲರ್ ಮತ್ತು ಸಂಗಡಿಗರು ಇಡೀ ಜಗತ್ತಿನ ಜನಸಂಖ್ಯೆಯನ್ನು ಚೌಕಗಳಿಗೆ ಹಂಚಿದ ಮೊದಲ ಆವೃತ್ತಿ 1995ರಲ್ಲಿ ಬಂತು. ಮುಂದೆ ಕೊಲಂಬಿಯಾ ವಿಶ್ವವಿದ್ಯಾಲಯ ಆ ಕೆಲಸವನ್ನು ಬೆಳೆಸಿತು. ಓಕ್ ರಿಜ್ ರಾಷ್ಟ್ರೀಯ ಪ್ರಯೋಗಾಲಯದ ಲ್ಯಾಂಡ್‌ಸ್ಕ್ಯಾನ್ ಯೋಜನೆ 1990ರ ದಶಕದ ಕೊನೆಯಲ್ಲಿ ಆರಂಭವಾಯಿತು. 2013ರಲ್ಲಿ ರೂಪುಗೊಂಡ ವರ್ಲ್ಡ್‌ಪಾಪ್ ಯೋಜನೆ ಸುಮಾರು 100 ಮೀಟರ್ ಬದಿಯ ಚೌಕಗಳಿಗೆ ಇಳಿಯಿತು. 2020ರಲ್ಲಿ ವಿಶ್ವಸಂಸ್ಥೆಯ ಅಂಕಿಅಂಶ ಆಯೋಗ ಒಪ್ಪಿದ ಕ್ರಮದಂತೆ, ಚದರ ಕಿಲೋಮೀಟರಿಗೆ ಕನಿಷ್ಠ 1,500 ಜನರಿರುವ ಅಕ್ಕಪಕ್ಕದ ಚೌಕಗಳಲ್ಲಿ ಒಟ್ಟು 50,000 ಜನರಾದರೂ ಇದ್ದರೆ ಅದು ನಗರಕೇಂದ್ರ.

ದಕ್ಷಿಣ ಬೆಂಗಳೂರು: 2011ರ ಜನಗಣತಿಯಲ್ಲಿ 198 ವಾರ್ಡುಗಳ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ (ಬಿಬಿಎಂಪಿ) ವ್ಯಾಪ್ತಿಯಲ್ಲಿ 84,43,675 ಜನರಿದ್ದರು. ವಾರ್ಡಿನ ಸರಾಸರಿ ಕೆರೆಯನ್ನೂ ಮನೆಗಳ ಸಾಲನ್ನೂ ಒಂದೇ ಲೆಕ್ಕಕ್ಕೆ ಸೇರಿಸುತ್ತದೆ. ಕಟ್ಟಡಗಳನ್ನು ಗಮನಿಸುವ ಗ್ರಿಡ್ ಮಾತ್ರ ಮಡಿವಾಳ ಕೆರೆಯನ್ನೂ ಜೆ.ಪಿ. ನಗರದ ಸಾರಕ್ಕಿ ಕೆರೆಯನ್ನೂ ಖಾಲಿ ಬಿಟ್ಟು, ಜನರನ್ನು ಸುತ್ತಲಿನ ಬೀದಿಗಳಿಗೆ ಹಂಚಬಲ್ಲದು. ವಾರ್ಡಿನ ಗಡಿ ಬದಲಾಗುತ್ತಿರುತ್ತದೆ. 2025ರಲ್ಲಿ ಬಿಬಿಎಂಪಿಯ ಜಾಗಕ್ಕೆ ಐದು ಪಾಲಿಕೆಗಳೇ ಬಂದವು. ಚೌಕದ ಗಡಿ ಕದಲುವುದಿಲ್ಲ. ಆದ್ದರಿಂದ 1948ರಲ್ಲಿ ಶಂಕುಸ್ಥಾಪನೆಯಾದ ಜಯನಗರವನ್ನೂ ಹಂತ ಹಂತವಾಗಿ ಹೊರಕ್ಕೆ ಬೆಳೆದ ಬನಶಂಕರಿಯನ್ನೂ ದಶಕಗಳುದ್ದಕ್ಕೂ ಹೋಲಿಸಿ ನೋಡಬಹುದು.

ಮಿತಿಗಳು: ಉಪಗ್ರಹಕ್ಕೆ ಕಾಣುವುದು ಕಟ್ಟಡ, ಒಳಗಿರುವ ಜನರಲ್ಲ. ಜಯನಗರದಲ್ಲಿ ಒಂದೇ ಕುಟುಂಬ ವಾಸಿಸುವ ಹಳೆಯ ಮನೆಯೂ ಬಿಟಿಎಂ ಬಡಾವಣೆಯ ಬಹುಮಹಡಿ ಪಿ.ಜಿ.ಯೂ ಮೇಲಿನಿಂದ ಒಂದೇ ಅಳತೆಯ ಚಾವಣಿಯಾಗಿ ಕಾಣಬಹುದು. ರಾತ್ರಿ ಇಲ್ಲಿ ಮಲಗುವವರಲ್ಲಿ ಹಲವರು ಹಗಲು ಎಲೆಕ್ಟ್ರಾನಿಕ್ ಸಿಟಿಯಲ್ಲಿರುತ್ತಾರೆ. ವರ್ಲ್ಡ್‌ಪಾಪ್ ವಾಸಸ್ಥಳವನ್ನು ಆಧರಿಸಿದರೆ, ಲ್ಯಾಂಡ್‌ಸ್ಕ್ಯಾನ್ 24 ಗಂಟೆಗಳ ಸರಾಸರಿಯನ್ನು ಕೊಡುತ್ತದೆ. ಎರಡನ್ನೂ ಬೆರೆಸಿ ಓದಬಾರದು. 2021ರ ಗಣತಿ ಮುಂದಕ್ಕೆ ಹೋದದ್ದರಿಂದ, ನಂತರದ ಅಂದಾಜುಗಳೂ 2011ರ ಅಂಕಿಗಳನ್ನೇ ಮುಂದುವರಿಸಿ ಲೆಕ್ಕಹಾಕಿದವು. ಹೊಸ ಗಣತಿಗೆ 2027ರ ಮಾರ್ಚ್ 1 ಆಧಾರ ದಿನ. ನೀರು, ಒಳಚರಂಡಿ, ಬಸ್ಸುಗಳನ್ನು ಯೋಜಿಸುವವರು ಗ್ರಿಡ್ ನಕ್ಷೆಯನ್ನು ಮನೆಮನೆಯ ಎಣಿಕೆಯೊಂದಿಗೆ ತಾಳೆ ನೋಡಿಯೇ ಬಳಸಬೇಕು.