ದ ನೆವರ್‌ಎಂಡಿಂಗ್ ಸ್ಟೋರಿ

ಮಿಖಾಯೆಲ್ ಎಂಡೆ ಅವರ ಜರ್ಮನ್ ಕಾದಂಬರಿಯನ್ನು ಆಧರಿಸಿ 1984ರಲ್ಲಿ ತೆರೆಕಂಡ ಫ್ಯಾಂಟಸಿ ಸಾಹಸ ಚಿತ್ರ. ನಿರ್ದೇಶನ ವೋಲ್ಫ್‌ಗಾಂಗ್ ಪೀಟರ್ಸನ್. ನಿರ್ಮಾಣ ಬರ್ನ್ಡ್ ಐಕಿಂಗರ್ ಮತ್ತು ಡೀಟರ್ ಗೈಸ್ಲರ್. ಪಶ್ಚಿಮ ಜರ್ಮನಿಯಲ್ಲಿ ತಯಾರಾದರೂ ಚಿತ್ರದ ಭಾಷೆ ಇಂಗ್ಲಿಷ್. ಸುಮಾರು 6 ಕೋಟಿ ಮಾರ್ಕ್ ವೆಚ್ಚದ ಇದು ಆ ಹೊತ್ತಿಗೆ ಜರ್ಮನಿಯ ಅತ್ಯಂತ ದುಬಾರಿ ಚಿತ್ರವಾಗಿತ್ತು.

ಮೂಲ ಕಾದಂಬರಿ

ಎಂಡೆ (1929–1995) ‘ಮೋಮೊ’ದಂಥ ಕಥೆಗಳಿಂದ ಆಗಲೇ ಹೆಸರಾಗಿದ್ದ ಲೇಖಕರು. ಸರ್ರಿಯಲಿಸ್ಟ್ ಚಿತ್ರಕಾರ ಎಡ್ಗರ್ ಎಂಡೆ ಇವರ ತಂದೆ. ಚಿತ್ರಕ್ಕೆ ಆಧಾರವಾದ ಅವರ ಕಾದಂಬರಿ ‘ಡೀ ಉನೆಂಡ್ಲಿಷೆ ಗೆಶಿಷ್ಟೆ’ 1979ರಲ್ಲಿ ಪ್ರಕಟವಾಯಿತು. ಇದರ 26 ಅಧ್ಯಾಯಗಳು ಎ ಇಂದ ಝಡ್‌ವರೆಗಿನ ಅಕ್ಷರಗಳಿಂದ ಕ್ರಮವಾಗಿ ಆರಂಭವಾಗುತ್ತವೆ. ಕಥೆಯೊಳಗೆ ಪುಸ್ತಕ ಓದುವ ಹುಡುಗ ಬ್ಯಾಸ್ಟಿಯನ್‌ನ ಲೋಕಕ್ಕೆ ಒಂದು ಬಣ್ಣದ ಶಾಯಿ, ಅವನು ಓದುತ್ತಿರುವ ಕಥೆಯ ಲೋಕಕ್ಕೆ ಇನ್ನೊಂದು. ಚಿತ್ರದಲ್ಲಿ ಈ ಕೆಲಸವನ್ನು ಸಂಕಲನ ಮಾಡುತ್ತದೆ: ಶಾಲೆಯ ಅಟ್ಟದ ಮೇಲೆ ಕುಳಿತ ಹುಡುಗನಿಗೂ ಕಥಾಲೋಕಕ್ಕೂ ನಡುವೆ ದೃಶ್ಯಗಳು ಹಿಂದೆಮುಂದೆ ಓಡಾಡುತ್ತವೆ.

ಕಥಾಸಾರ

ತಾಯಿಯನ್ನು ಕಳೆದುಕೊಂಡ ಬ್ಯಾಸ್ಟಿಯನ್, ತನ್ನನ್ನು ಪೀಡಿಸುವ ಹುಡುಗರಿಂದ ತಪ್ಪಿಸಿಕೊಂಡು ಹಳೆಯ ಪುಸ್ತಕದಂಗಡಿಗೆ ನುಗ್ಗುತ್ತಾನೆ. ಅಲ್ಲಿದ್ದ ಪುಸ್ತಕವೊಂದನ್ನು ಎತ್ತಿಕೊಂಡು ಬಂದು ಓದತೊಡಗುತ್ತಾನೆ. ಅದರಲ್ಲಿ ಬರುವ ಫ್ಯಾಂಟೇಸಿಯ ಎಂಬ ನಾಡನ್ನು ‘ಶೂನ್ಯ’ವೊಂದು ನುಂಗುತ್ತಿದೆ, ನಾಡಿನ ಬಾಲರಾಣಿ ಹಾಸಿಗೆ ಹಿಡಿದಿದ್ದಾಳೆ. ಮದ್ದು ಹುಡುಕಲು ಹೊರಟ ಅಟ್ರೇಯು ಎಂಬ ಬಾಲಕ, ದುಃಖದ ಜೌಗಿನಲ್ಲಿ ತನ್ನ ಕುದುರೆ ಆರ್ಟಾಕ್ಸ್‌ನನ್ನು ಕಳೆದುಕೊಳ್ಳುತ್ತಾನೆ. ವೃದ್ಧ ಆಮೆ ಮೊರ್ಲಾಳನ್ನು ಕಂಡು, ಅದೃಷ್ಟದ ಡ್ರ್ಯಾಗನ್ ಫಾಲ್ಕೋರ್‌ನ ನೆರವಿನಿಂದ ದಕ್ಷಿಣದ ದೈವವಾಣಿಯನ್ನು ತಲುಪುತ್ತಾನೆ. ರಾಣಿಗೆ ಮನುಷ್ಯ ಮಗುವೊಂದು ಹೊಸ ಹೆಸರಿಟ್ಟರಷ್ಟೇ ನಾಡು ಉಳಿಯುತ್ತದೆ; ಆ ಮಗು ಪುಸ್ತಕ ಓದುತ್ತಿರುವ ಬ್ಯಾಸ್ಟಿಯನ್. ಕೊನೆಯಲ್ಲಿ ಉಳಿದ ಒಂದೇ ಮರಳಕಣದಿಂದ ಅವನ ಬಯಕೆಗಳು ಫ್ಯಾಂಟೇಸಿಯವನ್ನು ಮತ್ತೆ ಕಟ್ಟುತ್ತವೆ.

ತಯಾರಿಕೆ

ಪೀಟರ್ಸನ್ ಈ ಚಿತ್ರಕ್ಕೂ ಮುನ್ನ ನಿರ್ದೇಶಿಸಿದ್ದು ಎರಡನೆಯ ಮಹಾಯುದ್ಧದ ಜಲಾಂತರ್ಗಾಮಿಯ ಕಥೆ ‘ದಾಸ್ ಬೂಟ್’ (1981). ಆ ಚಿತ್ರದ ಛಾಯಾಗ್ರಾಹಕ ಯೋಸ್ಟ್ ವಕಾನೊ, ಕಲಾ ನಿರ್ದೇಶಕ ರೋಲ್ಫ್ ಝೇಟ್‌ಬಾವರ್, ಸಂಗೀತಗಾರ ಕ್ಲೌಸ್ ಡೋಲ್ಡಿಂಗರ್ ಇಲ್ಲಿಯೂ ಜೊತೆಗಿದ್ದರು. ಚಿತ್ರಕಥೆಯನ್ನು ಪೀಟರ್ಸನ್ ಮತ್ತು ಹೆರ್ಮನ್ ವೈಗಲ್ ಬರೆದರು. ಬ್ಯಾಸ್ಟಿಯನ್ ಆಗಿ ಬ್ಯಾರೆಟ್ ಆಲಿವರ್, ಅಟ್ರೇಯು ಆಗಿ ನೋವಾ ಹ್ಯಾಥವೇ, ಬಾಲರಾಣಿಯಾಗಿ ಟಾಮಿ ಸ್ಟ್ರೊನಾಕ್ ನಟಿಸಿದರು. ಫಾಲ್ಕೋರ್‌ಗೆ ದನಿ ಕೊಟ್ಟವರು ಅಲನ್ ಓಪನ್‌ಹೈಮರ್.

ಚಿತ್ರೀಕರಣದ ಬಹುಪಾಲು ಮ್ಯೂನಿಕ್‌ನ ಬವೇರಿಯಾ ಸ್ಟುಡಿಯೋದಲ್ಲಿ ನಡೆಯಿತು. ಬ್ಯಾಸ್ಟಿಯನ್ ಓಡುವ ಬೀದಿಗಳು ಕೆನಡಾದ ವ್ಯಾಂಕೂವರ್‌ನವು. ಕಡಲತೀರದ ದೃಶ್ಯಕ್ಕೆ ಸ್ಪೇನಿನ ಅಲ್ಮೇರಿಯಾ ಪ್ರಾಂತ್ಯಕ್ಕೆ ಹೋಗಬೇಕಾಯಿತು. ಕಂಪ್ಯೂಟರ್ ಚಿತ್ರಣ ಇನ್ನೂ ಬಳಕೆಗೆ ಬರುತ್ತಿದ್ದ ಕಾಲವಾದ್ದರಿಂದ ವಿಚಿತ್ರ ಜೀವಿಗಳನ್ನೆಲ್ಲ ಯಂತ್ರ ಅಳವಡಿಸಿದ ಬೊಂಬೆಗಳಾಗಿ ಕೈಯಿಂದಲೇ ತಯಾರಿಸಿದರು. ಫಾಲ್ಕೋರ್‌ನ ಕಣ್ಣು, ತುಟಿ, ಹುಬ್ಬುಗಳನ್ನು ಕುಶಲಕರ್ಮಿಗಳ ತಂಡವೊಂದು ಒಟ್ಟಾಗಿ ಆಡಿಸುತ್ತಿತ್ತು. ಹಾರಾಟದ ದೃಶ್ಯಗಳನ್ನು ನೀಲಿ ಪರದೆಯ ಮುಂದೆ ತೆಗೆದು ಮೋಡಗಳೊಂದಿಗೆ ಜೋಡಿಸಲಾಯಿತು. ಬಾಲನಟರು ಮುಟ್ಟಿ, ಅಪ್ಪಿ, ಏರಿ ಕೂರಬಹುದಾದ ಜೀವಿಗಳಾದ್ದರಿಂದ ಅವರ ಭಯವೂ ಅಕ್ಕರೆಯೂ ತೆರೆಯ ಮೇಲೆ ಸಹಜವಾಗಿ ಕಾಣುತ್ತವೆ. ಚಿತ್ರದ ಬಹುದೊಡ್ಡ ಶಕ್ತಿ ಇದೇ.

ಲೇಖಕರ ವಿರೋಧ

ಚಿತ್ರಕ್ಕೆ ಆರಿಸಿಕೊಂಡದ್ದು ಕಾದಂಬರಿಯ ಪೂರ್ವಾರ್ಧವನ್ನು ಮಾತ್ರ. ಉತ್ತರಾರ್ಧದಲ್ಲಿ ಬ್ಯಾಸ್ಟಿಯನ್ ತಾನೇ ಆ ಲೋಕದೊಳಗೆ ಹೋಗುತ್ತಾನೆ. ಅಲ್ಲಿ ಒಂದೊಂದು ಬಯಕೆ ಈಡೇರಿದಾಗಲೂ ಅವನ ಹಳೆಯ ಬದುಕಿನ ಒಂದೊಂದು ನೆನಪು ಅಳಿಸಿಹೋಗುತ್ತದೆ. ಗೆಳೆಯ ಅಟ್ರೇಯುವನ್ನೇ ಅನುಮಾನಿಸಿ, ಸಿಂಹಾಸನಕ್ಕೆ ಆಸೆಪಟ್ಟು, ಕಡೆಗೆ ತನ್ನ ಹೆಸರನ್ನೂ ಮರೆಯುತ್ತಾನೆ. ಪ್ರೀತಿಸುವುದನ್ನು ಕಲಿತ ಮೇಲಷ್ಟೇ ತಂದೆಯ ಬಳಿಗೆ ಮರಳುತ್ತಾನೆ. ಚಿತ್ರದಲ್ಲಾದರೋ ಬಯಕೆಗೆ ಯಾವ ಬೆಲೆಯೂ ಇಲ್ಲ; ಅವನು ಡ್ರ್ಯಾಗನ್ ಏರಿ ತನ್ನ ಊರಿಗೇ ಬಂದು, ಪೀಡಿಸಿದ ಹುಡುಗರನ್ನು ಬೆನ್ನಟ್ಟುವಲ್ಲಿಗೆ ಕಥೆ ಮುಗಿಯುತ್ತದೆ.

ಇದು ತಮ್ಮ ಕೃತಿಯ ತಿರುಳಿಗೆ ವಿರುದ್ಧವೆಂದ ಎಂಡೆ, ಚಿತ್ರದ ಹೆಸರನ್ನಾದರೂ ಬದಲಿಸಬೇಕೆಂದು ಪಟ್ಟುಹಿಡಿದು ನ್ಯಾಯಾಲಯದ ಮೆಟ್ಟಿಲೇರಿದರು. ತೀರ್ಪು ಅವರ ಪರವಾಗಿ ಬರಲಿಲ್ಲ. ಆರಂಭದ ಶೀರ್ಷಿಕೆಗಳಿಂದ ಅವರ ಹೆಸರನ್ನು ಕೈಬಿಡಲಾಯಿತು.

ಬಿಡುಗಡೆ ಮತ್ತು ಪ್ರಭಾವ

ಜರ್ಮನಿಯಲ್ಲಿ 1984ರ ಏಪ್ರಿಲ್ 6ರಂದು, ಅಮೆರಿಕದಲ್ಲಿ ಜುಲೈ 20ರಂದು ಚಿತ್ರ ಬಿಡುಗಡೆಯಾಯಿತು. ಅಮೆರಿಕದ ಆವೃತ್ತಿ ಕೆಲವು ನಿಮಿಷ ಚಿಕ್ಕದು. ಅದಕ್ಕೆ ಜಾರ್ಜೊ ಮೊರೊಡರ್ ಸಿಂಥಸೈಸರ್ ಸಂಗೀತವನ್ನು ಸೇರಿಸಿದರು. ಅವರ ರಾಗಸಂಯೋಜನೆಯಲ್ಲಿ ಲಿಮಾಲ್ ಹಾಡಿದ ಶೀರ್ಷಿಕೆ ಗೀತೆ ಜಗತ್ತಿನ ಹಲವೆಡೆ ಜನಪ್ರಿಯವಾಯಿತು. 2019ರಲ್ಲಿ ‘ಸ್ಟ್ರೇಂಜರ್ ಥಿಂಗ್ಸ್’ ಧಾರಾವಾಹಿಯ ಮೂಲಕ ಹೊಸ ಪೀಳಿಗೆಯನ್ನೂ ತಲುಪಿತು. ಕುದುರೆ ಮುಳುಗುವ ದೃಶ್ಯವನ್ನು 1980ರ ದಶಕದ ಮಕ್ಕಳು ಇಂದಿಗೂ ನೆನೆಯುತ್ತಾರೆ.

1990ರಲ್ಲಿ ಬಂದ ಎರಡನೆಯ ಭಾಗ ಕಾದಂಬರಿಯ ಉತ್ತರಾರ್ಧದ ಕೆಲವು ಎಳೆಗಳನ್ನು ಬಳಸಿಕೊಂಡಿತು. 1994ರಲ್ಲಿ ಮೂರನೆಯದೂ ಬಂತು. ಎರಡನ್ನೂ ಪೀಟರ್ಸನ್ ನಿರ್ದೇಶಿಸಲಿಲ್ಲ, ಎರಡಕ್ಕೂ ಮೊದಲ ಚಿತ್ರದ ಮನ್ನಣೆ ಸಿಗಲಿಲ್ಲ. ಬೊಂಬೆ ಕಲೆ ಮತ್ತು ದೃಶ್ಯ ಕಲ್ಪನೆಯಲ್ಲಿ ಮೊದಲ ಚಿತ್ರದ ಸ್ಥಾನ ಭದ್ರವಾಗಿದೆ. ಆದರೆ ಎಂಡೆ ಹೇಳಹೊರಟ ಮಾತು ಪೂರ್ತಿ ಸಿಗಬೇಕಾದರೆ ಕಾದಂಬರಿಯ ಉತ್ತರಾರ್ಧವನ್ನೂ ಓದಲೇಬೇಕು.